ಗುಂಪಿಗೆ ಕಾವಲು ಯಾರದ್ದು, ಯಾರಿಗಾಗಿ?

ಮನೆಯಲ್ಲಿ ಹೆಣ್ಣಿನ ಬಾಯಿ ಮುಚ್ಚಿಸಲು ಗಂಡನಿದ್ದಾನೆ, ಅತ್ತೆ ಮಾವಂದಿರಿದ್ದಾರೆ. ಊರಿನಲ್ಲಿ ಮುಚ್ಚಿಸಲು ಹತ್ತು ಸಮಸ್ತರಿದ್ದಾರೆ. ಇನ್ನು ನಮ್ಮದೇ ಹೆಂಗಸರ ಗುಂಪಿನಲ್ಲಿಯೂ 'ಇದನ್ನು ಹೇಳು, ಅದನ್ನು ಹೇಳಬೇಡ' ಎಂದು ಕೋಲು ಹಿಡಿದು ಕೂರುವವಳೊಬ್ಬಳು ಬೇಕೇ? ಪುತ್ತೂರು, ಸುಳ್ಯ, ಕಡಬದ ಕಡೆ ಮಹಿಳಾ ಸಂಘಗಳು ಮೊಬೈಲಿನಲ್ಲಿ ನಡೆಸುತ್ತಿರುವ ವಾಟ್ಸಾಪ್ ಗುಂಪುಗಳ ವಿಷಯ ಬಂದಾಗಲೆಲ್ಲ ಏಳುವ ಪ್ರಶ್ನೆ ಇದು. ಕೇಳುವವರು ಹಠಕ್ಕೆ ಕೇಳುತ್ತಿಲ್ಲ. ವರ್ಷಗಟ್ಟಲೆ ಮಾತು ನುಂಗಿಕೊಂಡವರಿಗೆ ಒಂದು ಕಡೆಯಲ್ಲಾದರೂ ತಡೆಯಿಲ್ಲದೆ ಮಾತಾಡುವ ಜಾಗ ಬೇಕೆನ್ನುವುದು ನ್ಯಾಯವಾದ ಆಸೆ. ಇನ್ನೊಂದು ಕಡೆ, ಗುಂಪಿನ ಜಗಳ ನೋಡಿ ಬೇಸತ್ತ ಕೆಲವರು 'ಅಡ್ಮಿನ್‌ಗಳು ಮಾತ್ರ ಬರೆಯಲಿ, ಉಳಿದವರು ಓದಲಿ' ಎನ್ನುತ್ತಾರೆ. ಹಾಗೆ ಮಾಡುವುದು ಸುಲಭ. 2018ರಿಂದಲೇ ಆ ಸೌಕರ್ಯ ಇದೆ. ಆದರೆ ಆಗ ಅದು ಗುಂಪಾಗಿ ಉಳಿಯುವುದಿಲ್ಲ, ಪಂಚಾಯತಿನ ನೋಟೀಸು ಬೋರ್ಡಾಗುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾವಲು ಬೇಕು. ಆದರೆ ಅದು ಹೆಣ್ಣಿನ ಮಾತನ್ನು ಕಾಯುವ ಕಾವಲಾಗಬೇಕೇ ಹೊರತು ಮನೆತನದ ಮರ್ಯಾದೆಯನ್ನು ಕಾಯುವ ಕಾವಲಲ್ಲ. ಇಂದು ನಮ್ಮ ಕಡೆಯ ಬಹುಪಾಲು ಗುಂಪುಗಳಲ್ಲಿ ಕಾವಲೇ ಇಲ್ಲ ಎನ್ನುವವರು ಸರಿಯಾಗಿ ನೋಡಿಲ್ಲ. ಕಾವಲು ಇದೆ. ಅದು ತಪ್ಪು ಬಾಗಿಲಿನಲ್ಲಿ ನಿಂತಿದೆ.

ಬಯಲುಸೀಮೆಯ ಓದುಗರಿಗಾಗಿ ನಮ್ಮ ಊರಿನ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಇಲ್ಲಿ ಹಳ್ಳಿ ಎಂದರೆ ಗೋಡೆಗೆ ಗೋಡೆ ತಾಗಿಕೊಂಡ ಕೇರಿಗಳಲ್ಲ. ಅಡಿಕೆ ತೋಟದ ನಡುವೆ ಒಂದು ಮನೆ. ಗುಡ್ಡ ಇಳಿದು ತೋಡು ದಾಟಿದರೆ ಇನ್ನೊಂದು ಮನೆ. ಹೆಚ್ಚಿನ ಮನೆಗಳಿಗೆ ಅವರವರದೇ ಬಾವಿ. ಹೀಗಾಗಿ ನೀರು ಸೇದುವ ಕಟ್ಟೆಯಲ್ಲಿ ಹೆಂಗಸರು ಸೇರಿ ಕಷ್ಟಸುಖ ಹೇಳಿಕೊಳ್ಳುವ ಅವಕಾಶ ನಮಗೆ ಮೊದಲಿನಿಂದಲೂ ಕಡಿಮೆ. ಆಟಿ ತಿಂಗಳ ಮಳೆ ಹಂಚಿನ ಮೇಲೆ ಸುರಿಯುತ್ತಿರುವಾಗ ಒಬ್ಬ ಗಂಡಸು ಹೆಂಡತಿಗೆ ಹೊಡೆದರೆ ಆ ಸದ್ದು ಅಂಗಳವನ್ನೂ ದಾಟುವುದಿಲ್ಲ. 'ನಮಗೆ ಗೊತ್ತೇ ಇರಲಿಲ್ಲ' ಎಂದು ನೆರೆಮನೆಯವರು ಹೇಳಿದರೆ ಎಷ್ಟೋ ಸಲ ಅದು ಸುಳ್ಳಲ್ಲ.

ಬೀಡಿ ಕಟ್ಟುವ ಹೆಂಗಸರಿಗೆ ಬೀಡಿ ಬ್ರಾಂಚಿನ ಜಗಲಿ ಇತ್ತು. ಕಟ್ಟಿದ ಬೀಡಿ ಕೊಟ್ಟು ಎಲೆ, ಹೊಗೆಸೊಪ್ಪು ತೆಗೆದುಕೊಳ್ಳಲು ಕಾಯುವ ಹೊತ್ತಿನಲ್ಲಿ ಎಷ್ಟು ಮನೆಗಳ ಒಳಗಿನ ಕತೆಗಳು ಆ ಜಗಲಿಯಲ್ಲಿ ಹೊರಬಿದ್ದಿಲ್ಲ! ಬೀಡಿಯ ಕೆಲಸ ಕಡಿಮೆಯಾದಂತೆ ಆ ಜಗಲಿಯೂ ಬರಿದಾಯಿತು. ಆಮೇಲೆ ಸ್ವಸಹಾಯ ಸಂಘಗಳ ವಾರದ ಸಭೆಗಳು ಬಂದವು. ಅಲ್ಲಿ ಉಳಿತಾಯದ ಲೆಕ್ಕ, ಸಾಲದ ಕಂತು ಮುಗಿಯುವುದರಲ್ಲಿಯೇ ಹೊತ್ತು ಮುಗಿಯುತ್ತದೆ. ಈಗ ಉಳಿದಿರುವುದು ಕೈಯಲ್ಲಿರುವ ಮೊಬೈಲು. ಸುಳ್ಯದ ರಬ್ಬರ್ ತೋಟದಲ್ಲಿ ಹಾಲು ತೆಗೆಯುವ ತಮಿಳು ಹೆಂಗಸು, ಉಪ್ಪಿನಂಗಡಿಯ ಬ್ಯಾರಿ ಮನೆಯ ಸೊಸೆ, ಸುಬ್ರಹ್ಮಣ್ಯದ ಕಡೆಯ ಗೌಡರ ಮನೆಯ ಮಗಳು ಒಂದೇ ಕಡೆ ಕೂರುವ ಜಗಲಿ ನಮ್ಮಲ್ಲಿ ಹಿಂದೆ ಎಲ್ಲಿತ್ತು? ತುಳುವಿನಲ್ಲೋ, ಅರೆಭಾಷೆಯಲ್ಲೋ, ಬ್ಯಾರಿಯಲ್ಲೋ ಧ್ವನಿ ಕಳುಹಿಸಿದರೆ ಬರೆಯಲು ಬಾರದವಳಿಗೂ ಮಾತು ಸಿಗುತ್ತದೆ. ಈ ಜಗಲಿಯನ್ನು ಕಳೆದುಕೊಳ್ಳಬಾರದೆಂದೇ ನಾನು ಕಾವಲಿನ ಮಾತು ಎತ್ತುತ್ತಿದ್ದೇನೆ.

ಪುತ್ತೂರಿನವರಿಗೆ 2019ರ ಜುಲೈ ತಿಂಗಳನ್ನು ನೆನಪಿಸಬೇಕಾಗಿಲ್ಲ. ಕಾಲೇಜು ವಿದ್ಯಾರ್ಥಿನಿಯೊಬ್ಬಳ ಮೇಲೆ, ಆಕೆ ದಲಿತ ಕುಟುಂಬದ ಹುಡುಗಿ, ನಡೆದ ಸಾಮೂಹಿಕ ಅತ್ಯಾಚಾರದ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಐವರು ವಿದ್ಯಾರ್ಥಿಗಳ ಬಂಧನವಾಯಿತು. ವಿಡಿಯೋ ಹಂಚಿದವರ ಮೇಲೂ ಕ್ರಮ ಜರುಗಿಸುವುದಾಗಿ ಪೊಲೀಸರು ಎಚ್ಚರಿಕೆ ಕೊಡಬೇಕಾಯಿತು. ಅತ್ಯಾಚಾರ ಮಾಡಿದವರು ಯಾರೆಂದು ನ್ಯಾಯಾಲಯ ಕೇಳುತ್ತದೆ. ಆದರೆ ಅದನ್ನು ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ದಾಟಿಸಿದ ಕೈಗಳು ಯಾರವು? ಮನೆಯ ಗುಂಪು, ಗೆಳೆಯರ ಗುಂಪು, ಕ್ರಿಕೆಟ್ ತಂಡದ ಗುಂಪು, ವಾರ್ಡಿನ ಗುಂಪು ಎಂದು ನಾವೆಲ್ಲ ಇರುವ ಗುಂಪುಗಳೇ ಅಲ್ಲವೇ? 'ಅಯ್ಯೋ ಪಾಪ' ಎಂದು ಬರೆದು ಕಳುಹಿಸಿದವರೂ ಕಳುಹಿಸಿದವರೇ.

ಆಗ ಕೇಳಿಬಂದ ಒಂದು ವಾದವನ್ನು ಇಲ್ಲಿ ಎದುರಿಸಲೇಬೇಕು. 'ವಿಡಿಯೋ ಹರಡಿದ್ದರಿಂದಲೇ ಅಪರಾಧ ಬೆಳಕಿಗೆ ಬಂತು. ಎಲ್ಲರೂ ಕಣ್ಣು ಮುಚ್ಚಿ ಅಳಿಸಿದ್ದರೆ ಆ ಹುಡುಗರು ಇಂದಿಗೂ ಓಡಾಡಿಕೊಂಡಿರುತ್ತಿದ್ದರು' ಎನ್ನುವ ವಾದ. ಕೇಳಲು ಸರಿ ಎನಿಸುತ್ತದೆ. ಆದರೆ ಅಪರಾಧ ಬೆಳಕಿಗೆ ಬರಲು ವಿಡಿಯೋ ಒಬ್ಬ ಪೊಲೀಸ್ ಅಧಿಕಾರಿಯ ಕಣ್ಣಿಗೆ ಬಿದ್ದರೆ ಸಾಕಿತ್ತು. ಜಿಲ್ಲೆಯ ಮೊಬೈಲುಗಳಲ್ಲೆಲ್ಲ ಸುತ್ತಬೇಕಾಗಿರಲಿಲ್ಲ. ಠಾಣೆಗೆ ಹೋದ ಪ್ರತಿ ನ್ಯಾಯ ಕೊಟ್ಟಿತು. ಗುಂಪುಗಳಿಗೆ ಹೋದ ಪ್ರತಿಗಳು ಆಕೆಗೆ ಮತ್ತೆ ಮತ್ತೆ ಅದೇ ಹಿಂಸೆ ಕೊಟ್ಟವು. ಅತ್ಯಾಚಾರಕ್ಕೊಳಗಾದವಳ ಗುರುತು ಬಯಲು ಮಾಡುವುದು ಭಾರತೀಯ ದಂಡ ಸಂಹಿತೆಯ 228ಎ ಕಲಮಿನಲ್ಲಿ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಮಾತು 72ನೇ ಕಲಮಿನಲ್ಲಿದೆ. ಎರಡು ವರ್ಷದವರೆಗೆ ಸೆರೆವಾಸವಿದೆ. ಹೆಸರು ಹೇಳದಿದ್ದರೂ ಊರು, ಕಾಲೇಜು, ಸಂಬಂಧಿಕರ ವಿವರ ಸೇರಿಸಿ ಜನ ಗುರುತಿಸುವಂತೆ ಬರೆಯುವುದೂ ಕೂಡದೆಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರಿನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಹೇಳಿತ್ತು. ಪುತ್ತೂರಿನ ಘಟನೆಗೆ ಏಳು ತಿಂಗಳು ಮೊದಲೇ! ಕಾನೂನು ದೆಹಲಿಯಿಂದ ನಮ್ಮ ಮೊಬೈಲಿಗೆ ಬರಲು ಹಿಡಿಯುವ ಹೊತ್ತು ವಿಡಿಯೋ ಬರಲು ಹಿಡಿಯುವುದಿಲ್ಲ.

ಇದನ್ನು ತಡೆಯಬೇಕಾದವರು ಯಾರು? ಕಂಪನಿಯವರು ನೋಡಿಕೊಳ್ಳಲಿ ಎಂದು ಹಲವರು ತಿಳಿದಿದ್ದಾರೆ. 2016ರಿಂದ ವಾಟ್ಸಾಪಿನ ಸಂದೇಶಗಳಿಗೆ ಗುಪ್ತ ಬೀಗವಿದೆ. ಕಳುಹಿಸಿದವರು ಮತ್ತು ಪಡೆದವರನ್ನು ಬಿಟ್ಟರೆ ನಡುವಿನಲ್ಲಿ ಯಾರೂ, ಕಂಪನಿಯವರೂ ಸಹ, ಓದಲಾರರು. ಗಂಡನಿಂದ ತಪ್ಪಿಸಿಕೊಂಡು ಮಾತಾಡಬೇಕಾದ ಹೆಣ್ಣಿಗೆ ಈ ಬೀಗ ದೊಡ್ಡ ರಕ್ಷೆ; ಅದು ಇರಲಿ ಎಂದೇ ನಾವು ಹೇಳಬೇಕು. ಆದರೆ ಅದರ ಇನ್ನೊಂದು ಅರ್ಥವೂ ಸ್ಪಷ್ಟ. ಗುಂಪಿನ ಒಳಗೆ ಏನಾಗುತ್ತಿದೆ ಎಂದು ಗುಂಪಿನಲ್ಲಿರುವವರೇ ನೋಡಬೇಕು. ಹೊರಗಿನಿಂದ ಯಾರೂ ಬರುವುದಿಲ್ಲ. ಬಂದರೂ ತುಳುವಿನ ಬೈಗುಳ, ಅರೆಭಾಷೆಯ ಕೊಂಕು ಅವರಿಗೆ ಎಲ್ಲಿ ತಿಳಿಯಬೇಕು?

ಸರಕಾರ ನೋಡಿಕೊಳ್ಳಲಿ ಎಂದರೆ ಅದರ ಅನುಭವವೂ ನಮಗಿದೆ. 2017ರಲ್ಲಿ ನಮ್ಮ ಕರಾವಳಿಯದೇ ಭಟ್ಕಳ ತಾಲೂಕಿನ ಮುರ್ಡೇಶ್ವರದಲ್ಲಿ ಒಂದು ವಾಟ್ಸಾಪ್ ಗುಂಪಿನ ಅಡ್ಮಿನ್ ಒಬ್ಬರನ್ನು ಬಂಧಿಸಲಾಯಿತು. ಆ ಗುಂಪಿನಲ್ಲಿ ಪ್ರಧಾನಿಯವರ ತಿದ್ದಿದ ಚಿತ್ರವನ್ನು ಯಾರೋ ಹಾಕಿದ್ದರು. ಪ್ರಧಾನಿಯವರ ಚಿತ್ರಕ್ಕೆ ಎಷ್ಟು ಬೇಗ ಎಚ್ಚರವಾಯಿತು ನೋಡಿ. ಮರುವರ್ಷ, 2018ರ ಜುಲೈ 13ರಂದು, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಗಾಳಿಮಾತು ಗುಂಪಿನಲ್ಲಿ ಹಬ್ಬಿ, ಹೈದರಾಬಾದಿನಿಂದ ಬಂದಿದ್ದ ಯುವ ಇಂಜಿನಿಯರ್ ಒಬ್ಬರನ್ನು ಜನ ಹೊಡೆದು ಕೊಂದರು. ಅಲ್ಲಿ ಬಂಧಿತರಾದವರಲ್ಲಿ ಗುಂಪಿನ ಅಡ್ಮಿನ್ ಕೂಡ ಇದ್ದರು. ಅದೇ ತಿಂಗಳು ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ದಾಟಿಸಲಾಗದಂತೆ ಭಾರತದಲ್ಲಿ ಕಂಪನಿ ಮಿತಿ ಹಾಕಿತು. ಅಡ್ಮಿನ್ ಆಗಲು ಹೆಂಗಸರು ಹೆದರತೊಡಗಿದ್ದು ಇಂಥ ಸುದ್ದಿಗಳಿಂದಲೇ. 'ನಮಗೆ ಯಾಕೆ ಬೇಕು ಪೊಲೀಸ್ ಠಾಣೆಯ ಉಸಾಬರಿ' ಎಂಬ ಹೆದರಿಕೆ.

ಆ ಹೆದರಿಕೆಯನ್ನು ನ್ಯಾಯಾಲಯಗಳು ಬಹುಮಟ್ಟಿಗೆ ನಿವಾರಿಸಿವೆ. 2021ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠದ ಮುಂದೆ ಬಂದ ಮೊಕದ್ದಮೆ ನಮ್ಮ ವಿಷಯಕ್ಕೆ ತೀರಾ ಹತ್ತಿರದ್ದು. ಗುಂಪಿನಲ್ಲಿ ಸದಸ್ಯನೊಬ್ಬ ಒಬ್ಬ ಮಹಿಳೆಯ ಬಗ್ಗೆ ಅಶ್ಲೀಲವಾಗಿ ಬರೆದ. ಅಡ್ಮಿನ್ ಅವನನ್ನು ತೆಗೆಯಲಿಲ್ಲ, ಕ್ಷಮೆ ಕೇಳಿಸಲೂ ಇಲ್ಲ. ಆಕೆ ಇಬ್ಬರ ಮೇಲೂ ದೂರು ಕೊಟ್ಟಳು. ಸದಸ್ಯನೊಂದಿಗೆ ಒಳಸಂಚು ಇದ್ದ ಹೊರತು ಅವನು ಬರೆದುದಕ್ಕೆ ಅಡ್ಮಿನ್ ಹೊಣೆಯಲ್ಲ, ಸದಸ್ಯರನ್ನು ಸೇರಿಸುವ, ತೆಗೆಯುವ ಅಧಿಕಾರವಷ್ಟೇ ಅವನಿಗಿರುವುದು ಎಂದು ಹೇಳಿ ನ್ಯಾಯಾಲಯ ಅಡ್ಮಿನ್ ಮೇಲಿನ ಮೊಕದ್ದಮೆ ರದ್ದುಪಡಿಸಿತು. 2022ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟೂ ಬೇರೊಂದು ಪ್ರಕರಣದಲ್ಲಿ ಇದೇ ದಾರಿ ಹಿಡಿಯಿತು. ಗಡಿಯಾಚೆ ಕಾಸರಗೋಡಿನ ಕಡೆಗೆ ಮದುವೆಯಾಗಿ ಹೋದ ನಮ್ಮ ಸೋದರಿಯರಿಗೆ ಅನ್ವಯಿಸುವುದು ಅದು. ತೀರ್ಪು ಕಾನೂನಿನ ದೃಷ್ಟಿಯಿಂದ ಸರಿಯೇ. ಒಬ್ಬನ ಅಪರಾಧಕ್ಕೆ ಇನ್ನೊಬ್ಬನನ್ನು ಜೈಲಿಗೆ ಹಾಕುವುದನ್ನು ನಾವು ಬಯಸುವುದಿಲ್ಲ. ಆದರೆ ಆ ಮಹಿಳೆಯ ಪ್ರಶ್ನೆ ಹಾಗೆಯೇ ಉಳಿಯಿತಲ್ಲ! ನನ್ನನ್ನು ಅವಮಾನಿಸುತ್ತಿರುವಾಗ ಕೀಲಿಕೈ ಹಿಡಿದವನು ಸುಮ್ಮನೆ ಕುಳಿತಿದ್ದು ಯಾಕೆ ಎಂಬ ಪ್ರಶ್ನೆ. ಜೈಲಿಗೆ ಹೋಗಬೇಕಾಗಿಲ್ಲ ಎಂದ ಮಾತ್ರಕ್ಕೆ ಉತ್ತರ ಕೊಡಬೇಕಾಗಿಲ್ಲ ಎಂದಾಗುತ್ತದೆಯೇ? ಸಾಲದ್ದಕ್ಕೆ, ಆ ತೀರ್ಪು ಬಂದ ಮರುವರ್ಷ, 2022ರಲ್ಲಿ, ಯಾರು ಬರೆದ ಸಂದೇಶವನ್ನಾದರೂ ಎಲ್ಲರ ಕಣ್ಣಿನಿಂದ ಅಳಿಸುವ ಅಧಿಕಾರವನ್ನು ಕಂಪನಿ ಅಡ್ಮಿನ್‌ಗಳಿಗೆ ಕೊಟ್ಟಿತು. ಅಧಿಕಾರವಿಲ್ಲ ಎಂಬ ನೆವ ಈಗ ನಡೆಯುವುದಿಲ್ಲ.

ಈಗ ತಪ್ಪು ಬಾಗಿಲಿನ ಕಾವಲಿಗೆ ಬರುತ್ತೇನೆ. ಕುಟುಂಬದ ಗುಂಪು, ಜಾತಿ ಸಂಘದ ಗುಂಪು, ಜೀರ್ಣೋದ್ಧಾರ ಸಮಿತಿಯ ಗುಂಪು, ಇವುಗಳ ಅಡ್ಮಿನ್‌ಗಳು ಹೆಚ್ಚಾಗಿ ಗಂಡಸರು. ಅಲ್ಲಿ ಹೆಂಡತಿಯರ ಮೇಲಿನ ನಗೆಹನಿಗಳಿಗೆ ತಡೆಯಿಲ್ಲ. ಯಾವ ಹುಡುಗಿ ಯಾವ ಹುಡುಗನೊಡನೆ ಬಸ್ಸಿನಲ್ಲಿ ಕುಳಿತಿದ್ದಳು ಎಂಬ ಫೋಟೋಕ್ಕೂ ತಡೆಯಿಲ್ಲ. ನಮ್ಮ ಜಿಲ್ಲೆಯಲ್ಲಿ ಅಂಥ ಫೋಟೋಗಳು ಹುಡುಗರನ್ನು ಹೊಡೆಸಿವೆ, ಹುಡುಗಿಯರ ಓದು ನಿಲ್ಲಿಸಿವೆ. ಆದರೆ ಅದೇ ಗುಂಪಿನಲ್ಲಿ ಒಬ್ಬ ಸೊಸೆ 'ನನ್ನ ತವರಿನಿಂದ ಇನ್ನೂ ಚಿನ್ನ ತರಬೇಕೆಂದು ಇವರು ನನ್ನನ್ನು ಹೊರಗೆ ನಿಲ್ಲಿಸಿದ್ದಾರೆ' ಎಂದು ಒಂದು ಸಾಲು ಬರೆದು ನೋಡಲಿ. ಎರಡು ನಿಮಿಷದೊಳಗೆ ಅದು ಅಳಿದಿರುತ್ತದೆ. 'ಮನೆಯ ವಿಷಯ ಮನೆಯಲ್ಲಿ ಮಾತಾಡುವ' ಎಂದು ಉಪದೇಶ ಬಂದಿರುತ್ತದೆ. ಆಮೇಲೆ ಶುಭೋದಯದ ಹೂವಿನ ಚಿತ್ರಗಳು ಸಾಲಾಗಿ ಬಿದ್ದು ಆ ಜಾಗ ಮುಚ್ಚಿಹೋಗಿರುತ್ತದೆ. ಇದು ಕಾವಲಲ್ಲದೆ ಇನ್ನೇನು?

ಕಾವಲನ್ನೇ ಕಿತ್ತುಹಾಕೋಣ ಎನ್ನುವವರಿಗೆ ನಮ್ಮದೇ ಊರಿನ ಒಂದು ಉದಾಹರಣೆ ಕೊಡುತ್ತೇನೆ. ತಾಳಮದ್ದಳೆಯ ನಾಡು ಇದು. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತಿಲ್ಲ. ಕುಳಿತಲ್ಲಿಯೇ ವಾಲಿಯೂ ರಾಮನೂ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಆದರೂ ಅದು ಹರಟೆಯಾಗದೆ ಉಳಿಯುವುದು ಹೇಗೆ? ಭಾಗವತರು ಇದ್ದಾರೆ. ಮಾತು ಪ್ರಸಂಗ ಬಿಟ್ಟು ಹೊರಗೆ ಹೋಯಿತು, ವಾದ ಹೋಗಿ ವೈಯಕ್ತಿಕ ಜಗಳವಾಗತೊಡಗಿತು ಎಂದಾಗ ಅವರು ತಾಳ ತಟ್ಟಿ ಮುಂದಿನ ಪದ ಎತ್ತುತ್ತಾರೆ. ಯಾರ ಅರ್ಥ ಸರಿ, ಯಾರದು ತಪ್ಪು ಎಂದು ಅವರು ತೀರ್ಪು ಕೊಡುವುದಿಲ್ಲ. ಮಾತು ಎಲ್ಲಿಗೆ ತಿರುಗಬೇಕು ಎಂದು ತೋರಿಸುತ್ತಾರೆ, ಅಷ್ಟೇ. ಎದುರಾಳಿಯ ಮನೆಯ ವಿಷಯ ಎತ್ತಿ ಹಂಗಿಸಿದರೆ ಸಭೆಯೂ ಒಪ್ಪುವುದಿಲ್ಲ. (ಸೀತೆ, ದ್ರೌಪದಿ, ಅಂಬೆಯರ ಅರ್ಥವನ್ನೂ ಗಂಡಸರೇ ಹೇಳುತ್ತಿದ್ದ ಕಾಲ ಬಹಳ ದೀರ್ಘವಾಗಿತ್ತು, ಈಗ ನಮ್ಮ ಕಡೆ ಮಹಿಳಾ ತಂಡಗಳು ಕುಳಿತು ಅರ್ಥ ಹೇಳುತ್ತಿವೆ ಎನ್ನುವುದು ಸಂತೋಷದ ಮಾತು.) ಭಾಗವತರಿಲ್ಲದ ಕೂಟದಲ್ಲಿ ಗೆಲ್ಲುವುದು ಅರ್ಥವಲ್ಲ, ಗಂಟಲು. ತಡೆಯೇ ಇಲ್ಲದ ಗುಂಪಿನಲ್ಲಿಯೂ ಹಾಗೆಯೇ. ಬಿಡುವಿರುವವರು, ಬರೆಯಲು ಚೆನ್ನಾಗಿ ಬರುವವರು, ನಾಚಿಕೆ ಬಿಟ್ಟವರು ಉಳಿಯುತ್ತಾರೆ. ಸಂಜೆ ಹಾಲು ಡೈರಿಗೆ ಹಾಕಿ ಬಂದು ಹತ್ತು ನಿಮಿಷ ಫೋನು ನೋಡುವವಳು ಸದ್ದಿಲ್ಲದೆ ಹೊರಟುಹೋಗುತ್ತಾಳೆ. ಅವಳು ಹೋದದ್ದು ಯಾರಿಗೂ ತಿಳಿಯುವುದೂ ಇಲ್ಲ.

ಆದರೆ ಕಾವಲಿನ ವಿರುದ್ಧ ಬಲವಾದ ವಾದ ಇನ್ನೊಂದಿದೆ. ದೌರ್ಜನ್ಯ ನಡೆಸಿದವನ ಹೆಸರನ್ನು ಬಹಿರಂಗವಾಗಿ ಹೇಳುವುದು ಹೆಣ್ಣಿನ ಹಕ್ಕಲ್ಲವೇ? 'ಹೆಸರು ಬರೆಯಬೇಡಿ' ಎಂಬ ನಿಯಮ ಕೊನೆಗೆ ಹೊಡೆದವನನ್ನೇ ರಕ್ಷಿಸುವುದಿಲ್ಲವೇ? ಪತ್ರಕರ್ತೆ ಪ್ರಿಯಾ ರಮಣಿ ಅವರು 2018ರಲ್ಲಿ ಎಂ. ಜೆ. ಅಕ್ಬರ್ ಅವರ ಹೆಸರು ಹೇಳಿದಾಗ ಅಕ್ಬರ್ ಮಾನನಷ್ಟ ಮೊಕದ್ದಮೆ ಹೂಡಿದರು. 2021ರ ಫೆಬ್ರವರಿ 17ರಂದು ದೆಹಲಿಯ ನ್ಯಾಯಾಲಯ ಆಕೆಯನ್ನು ಖುಲಾಸೆ ಮಾಡುತ್ತ, ಹೆಣ್ಣು ತನ್ನ ಅಳಲನ್ನು ತಾನು ಬಯಸಿದ ವೇದಿಕೆಯಲ್ಲಿ, ದಶಕಗಳ ನಂತರವಾದರೂ, ಹೇಳಿಕೊಳ್ಳಬಹುದು ಎಂದಿತು. ಅದರ ಮೇಲ್ಮನವಿ ದೆಹಲಿ ಹೈಕೋರ್ಟಿಗೆ ಹೋಗಿದೆ. ಆ ತೀರ್ಪಿನ ಬಲ ಸಣ್ಣದಲ್ಲ. ಆದ್ದರಿಂದ ತನ್ನ ಮೇಲೆ ಕೈಮಾಡಿದವನ ಹೆಸರನ್ನು ಆಕೆಯೇ ಬರೆದರೆ, ಅದನ್ನು ಅಳಿಸುವ ಹಕ್ಕು ಯಾವ ಅಡ್ಮಿನ್‌ಗೂ ಇಲ್ಲ ಎಂದು ನಾನು ತಿಳಿಯುತ್ತೇನೆ. ಆಕೆಗೆ ಫೋನು ಮಾಡಿ, 'ಇದನ್ನು ಇಷ್ಟು ಜನ ಓದುತ್ತಾರೆ, ಅವನ ಕಡೆಯವರೂ ಓದಬಹುದು, ಮಾನನಷ್ಟದ ಬೆದರಿಕೆ ಬರಬಹುದು. ಅಧಿಕಾರಿಗಳಿಗೆ ಸದುದ್ದೇಶದಿಂದ ಕೊಟ್ಟ ದೂರಿಗೆ ಕಾನೂನಿನ ರಕ್ಷಣೆ ಇದೆ, ಇಂದು ರಾತ್ರಿ ನೀನು ಎಲ್ಲಿರುತ್ತೀ' ಎಂದು ವಿಚಾರಿಸುವುದು ನಿರ್ವಾಹಕಿಯ ಕೆಲಸ. ತೀರ್ಮಾನ ಆಕೆಯದು. ಆದರೆ ಮೂರನೆಯವಳೊಬ್ಬಳು 'ಇಂಥವರ ಮನೆಯಲ್ಲಿ ಸೊಸೆಗೆ ಹೀಗಾಯಿತಂತೆ' ಎಂದು ಬರೆದರೆ? ಅದನ್ನು ತಕ್ಷಣ ತೆಗೆಯಬೇಕು. ಆಕೆಯ ಕತೆ ಆಕೆಯದು. ಸಹಾನುಭೂತಿಯ ಹೆಸರಿನಲ್ಲಿಯೂ ಅದನ್ನು ಕದಿಯಬಾರದು. ನ್ಯಾಯಾಲಯಗಳೇ ಈ ಸೂಕ್ಷ್ಮವನ್ನು ಒಪ್ಪಿವೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ವಿಚಾರಣೆ ಬೇಕೆಂದರೆ ಮುಚ್ಚಿದ ಬಾಗಿಲ ಹಿಂದೆ ನಡೆಯಬಹುದು.

'ಎರಡೂ ಕಡೆ ಕೇಳಬೇಕು' ಎಂಬ ಹಿತವಚನದ ಬಗ್ಗೆಯೂ ಒಂದು ಮಾತು. ನಮ್ಮ ಗುಂಪು ನ್ಯಾಯ ಪಂಚಾಯತಿ ಅಲ್ಲ. ಶಿಕ್ಷೆ ವಿಧಿಸುವ ಅಧಿಕಾರ ನಮಗಿಲ್ಲದಿರುವಾಗ ಸಾಕ್ಷಿ ಕೇಳುವ ಅಧಿಕಾರವೂ ಇಲ್ಲ. ಹೊಡೆತ ತಿಂದವಳು ಮಾತಾಡುವಾಗ ಅಡ್ಡಬಂದು ಪುರಾವೆ ಕೇಳುವುದನ್ನು ನಿರ್ವಾಹಕಿ ತಡೆಯಬೇಕು. ಆದರೆ 'ಸ್ವಲ್ಪ ಹೊಂದಿಕೊಂಡು ಹೋಗು, ಮಕ್ಕಳಿದ್ದಾರಲ್ಲ' ಎಂದು ಬರೆಯುವ ಹಿರಿಯಳ ಮಾತನ್ನು ಅಳಿಸಬಾರದು. ಅದಕ್ಕೆ ಉತ್ತರ ಕೊಡಬೇಕು. ಹಾಗೆ ಹೇಳುವವಳು ತಾನೂ ಹೊಂದಿಕೊಂಡು ಬಂದವಳೇ ಇರುತ್ತಾಳೆ. ಅವಳ ಮಾತು ಅಳಿಸಿದರೆ ಅವಳೂ ನಮ್ಮಿಂದ ಹೋದಳು.

2024ರ ಮಾರ್ಚ್ 4ರಂದು ಕಡಬದ ಸರಕಾರಿ ಪದವಿಪೂರ್ವ ಕಾಲೇಜಿನಲ್ಲಿ ಪರೀಕ್ಷೆಗೆ ಓದಿಕೊಳ್ಳುತ್ತಿದ್ದ ಮೂವರು ವಿದ್ಯಾರ್ಥಿನಿಯರ ಮೇಲೆ ಕೇರಳದಿಂದ ಬಂದ ಯುವಕನೊಬ್ಬ ಆ್ಯಸಿಡ್ ಎರಚಿದ. ಇಂಥ ಪ್ರತಿಯೊಂದು ಘಟನೆಯ ಬೆನ್ನಿಗೇ ಗುಂಪುಗಳಲ್ಲಿ ಏಳುವ ಮೊದಲ ಪ್ರಶ್ನೆ ಯಾವುದು ಹೇಳಿ? ಹುಡುಗಿಗೆ ಚಿಕಿತ್ಸೆ ಎಲ್ಲಿ ಎಂಬುದಲ್ಲ, 'ಅವಳಿಗೂ ಅವನಿಗೂ ಏನು ಸಂಬಂಧ' ಎಂಬುದು. ಎರಡನೆಯದು ಅವನ ಜಾತಿ ಯಾವುದು, ಧರ್ಮ ಯಾವುದು ಎಂಬುದು. ನಮ್ಮ ಜಿಲ್ಲೆಯಲ್ಲಿ ಹೆಣ್ಣಿನ ಮೇಲಿನ ದೌರ್ಜನ್ಯದ ಮಾತು ಸಂಜೆಯೊಳಗೆ ಎರಡು ಧರ್ಮಗಳ ಜಗಳವಾಗಿಬಿಡುತ್ತದೆ. ಆ ಜಗಳದಲ್ಲಿ ಹೆಣ್ಣು ಕಾಣೆಯಾಗುತ್ತಾಳೆ. ಬ್ಯಾರಿ ಸೋದರಿಯೂ ಬಿಲ್ಲವ ಸೋದರಿಯೂ ಒಂದೇ ಗುಂಪಿನಲ್ಲಿ ತಮ್ಮ ತಮ್ಮ ಮನೆಯ ಹೊಡೆತದ ಕತೆ ಹೇಳಬೇಕಾದರೆ ಈ ಎರಡು ಪ್ರಶ್ನೆಗಳನ್ನು ಬಾಗಿಲಲ್ಲೇ ನಿಲ್ಲಿಸುವವರು ಬೇಕು. ಇದರಲ್ಲಿ ನನಗೆ ಯಾವ ಸಂಶಯವೂ ಇಲ್ಲ.

ಕಾವಲು ಎಂದರೆ ಬರೀ ಅಳಿಸುವುದಲ್ಲ ಎಂಬುದನ್ನು ಗೆಳತಿಯರು ಗಮನಿಸಬೇಕು. ಸೇರಿಸುವಾಗಲೇ ಅದು ಶುರುವಾಗುತ್ತದೆ. ಗುಂಪಿಗೆ ಸೇರಿಸಿದ ಕ್ಷಣ ಅವಳ ಫೋನ್ ನಂಬರು ಅಲ್ಲಿರುವ ಎಲ್ಲರಿಗೂ ಕಾಣುತ್ತದೆ. ಒಂದು ಗುಂಪಿನಲ್ಲಿ ಈಗ 1024 ಜನರಿರಬಹುದು! ಆದ್ದರಿಂದ ಕೇಳದೆ ಯಾರನ್ನೂ ಸೇರಿಸಬಾರದು. ಹೆಂಡತಿಯ ನಂಬರಿನಿಂದ ಗಂಡನೇ ಓದುತ್ತಿರುವ ಮನೆಗಳು ಎಷ್ಟೋ ಇವೆ. ಗುಂಪಿನ ಹೆಸರು 'ದೌರ್ಜನ್ಯ ವಿರೋಧಿ ವೇದಿಕೆ' ಎಂದಿದ್ದರೆ, ರಾತ್ರಿ ಅವನ ಕಣ್ಣಿಗೆ ಬಿದ್ದ ಆ ಹೆಸರೇ ಇನ್ನೊಂದು ಹೊಡೆತಕ್ಕೆ ಕಾರಣವಾದೀತು. ಹೊಲಿಗೆಯದೋ ಮಲ್ಲಿಗೆ ಕೃಷಿಯದೋ ಹೆಸರಿಟ್ಟರೆ ನಮ್ಮ ಹೋರಾಟ ಸಣ್ಣದಾಗುವುದಿಲ್ಲ. ಯಾರು ಎಲ್ಲಿ ಆಶ್ರಯ ಪಡೆದಿದ್ದಾಳೆ, ಯಾವ ಬಸ್ಸಿಗೆ ಹೊರಟಿದ್ದಾಳೆ, ತಾಯಿ ಮನೆಗೆ ಯಾವಾಗ ಬರುತ್ತಾಳೆ ಎಂಬುದನ್ನು ಗುಂಪಿನಲ್ಲಿ ಬರೆಯಲೇ ಕೂಡದು. ಬರೆದರೆ ಮೊದಲು ತೆಗೆದು, ಆಮೇಲೆ ಕಾರಣ ಹೇಳಬೇಕು.

ಇನ್ನೊಂದು ಬಹಳ ಮುಖ್ಯವಾದ ವಿಷಯ. ಗಂಡನೋ ಅವನ ಅಣ್ಣನೋ ಗುಂಪಿಗೆ ನುಗ್ಗಿ 'ನಿನ್ನನ್ನು ನೋಡಿಕೊಳ್ಳುತ್ತೇನೆ' ಎಂದು ಬೆದರಿಕೆ ಹಾಕಿದರೆ ಕೋಪದಿಂದ ತಕ್ಷಣ ಅಳಿಸಬೇಡಿ. ಅದು ಸಾಕ್ಷಿ. ನಂಬರು, ದಿನ, ಗಂಟೆ ಕಾಣುವಂತೆ ಸ್ಕ್ರೀನ್ ಶಾಟ್ ತೆಗೆಯಿರಿ. ಮೂಲ ಸಂದೇಶ ಇರುವ ಫೋನನ್ನು ಜೋಪಾನ ಮಾಡಿ. ಅದರ ನಂತರವೇ ಗುಂಪಿನಿಂದ ತೆಗೆಯಿರಿ. ವಿದ್ಯುನ್ಮಾನ ದಾಖಲೆಗಳನ್ನು ನ್ಯಾಯಾಲಯಕ್ಕೆ ಕೊಡಲು ಪ್ರಮಾಣಪತ್ರ ಬೇಕಾಗುತ್ತದೆ. ವಕೀಲರು ಅದನ್ನು ಮಾಡಿಕೊಡುತ್ತಾರೆ, ಆದರೆ ಸಂದೇಶವೇ ಇಲ್ಲವಾದರೆ ಅವರಾದರೂ ಏನು ಮಾಡಿಯಾರು? 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ 18ನೇ ಕಲಮಿನಂತೆ, ಹೆಂಡತಿಯನ್ನು ಫೋನು, ಸಂದೇಶಗಳ ಮೂಲಕವೂ ಸಂಪರ್ಕಿಸಕೂಡದೆಂದು ಗಂಡನಿಗೆ ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ಅಂಥ ಆದೇಶಕ್ಕೆ ಈ ಸಂದೇಶಗಳೇ ಆಧಾರವಾಗುತ್ತವೆ. ಆದರೆ ಹೆಣ್ಣೊಬ್ಬಳ ಖಾಸಗಿ ಚಿತ್ರ, ವಿಡಿಯೋ ಬಂದಾಗ ನಿಯಮ ಬೇರೆ. ಅದನ್ನು 'ಸಾಕ್ಷಿಗೆ ಇರಲಿ' ಎಂದು ಇನ್ನೊಬ್ಬಳಿಗೆ ಕಳುಹಿಸುವುದೂ ಹಂಚಿಕೆಯೇ. ಯಾವ ನಂಬರಿನಿಂದ, ಎಷ್ಟು ಗಂಟೆಗೆ ಬಂತೆಂದು ಬರೆದಿಟ್ಟು ಗುಂಪಿನಿಂದ ಅಳಿಸಿ, ಠಾಣೆಗೆ ತಿಳಿಸಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಕಾಯಿದೆಯ ಪ್ರಕಾರ ಸಂರಕ್ಷಣಾಧಿಕಾರಿಗಳು. ಈ ಮೂರು ಮಾಹಿತಿಗಳು ಗುಂಪಿನ ಮೇಲ್ಭಾಗದಲ್ಲಿ ಸದಾ ಇರಲಿ.

ಕೀಲಿಕೈ ಯಾರ ಕೈಯಲ್ಲಿ ಇರಬೇಕು? ಒಬ್ಬಳ ಕೈಯಲ್ಲಂತೂ ಬೇಡ. ಮೂವರಿರಲಿ, ಆರು ತಿಂಗಳಿಗೊಮ್ಮೆ ಬದಲಾಗಲಿ, ಅವರಲ್ಲಿ ಒಬ್ಬಳಿಗಾದರೂ ತುಳು ಮತ್ತು ಬ್ಯಾರಿ ಎರಡೂ ಅರ್ಥವಾಗಲಿ. ಧ್ವನಿ ಸಂದೇಶಗಳನ್ನು ಕೇಳದೆ ತೀರ್ಮಾನ ಮಾಡಬಾರದು. ಏನನ್ನು ಅಳಿಸಿದರು, ಯಾಕೆ ಅಳಿಸಿದರು ಎಂಬುದನ್ನು ಸಂಘದ ಸಭೆಯ ನಡಾವಳಿ ಪುಸ್ತಕದಲ್ಲಿ ಹೆಸರಿಲ್ಲದೆ ಬರೆದಿಡಲಿ. ಉಳಿತಾಯದ ಐವತ್ತು ರೂಪಾಯಿಗೆ ಪುಸ್ತಕ ಬರೆಯುವ ನಾವು, ಒಬ್ಬ ಹೆಣ್ಣಿನ ಮಾತನ್ನು ಅಳಿಸಿದ್ದಕ್ಕೆ ಲೆಕ್ಕ ಇಡಲಾರೆವೇ? ಅಳಿಸಿಕೊಂಡವಳು ಸಭೆಯಲ್ಲಿ ಎದ್ದು ಪ್ರಶ್ನಿಸಬಹುದು, ಅಳಿಸಿದವಳು ಉತ್ತರ ಹೇಳಬೇಕು. ಹೀಗಾದಾಗ ಕಾವಲಿನವಳು ಇನ್ನೊಬ್ಬ ಅತ್ತೆಯಾಗುವ ಭಯ ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ.

ಆದರೂ ಒಂದು ತೊಡಕು ಉಳಿಯುತ್ತದೆ. ನಮ್ಮಂಥ ತಾಲೂಕುಗಳಲ್ಲಿ ನಂಟಸ್ತಿಕೆ ಇಲ್ಲದವರು ಯಾರು? ದೂರು ಬಂದ ಮನೆ ನಿರ್ವಾಹಕಿಯ ತಂಗಿಯದೇ ಆಗಿರಬಹುದು, ಹೊಡೆದವನು ಅವಳ ಸೋದರಮಾವನ ಮಗನೇ ಆಗಿರಬಹುದು. ಆಗ ಅವಳು ಆ ವಿಷಯ ಮುಗಿಯುವವರೆಗೆ ಕೀಲಿಕೈಯನ್ನು ಉಳಿದಿಬ್ಬರಿಗೆ ಬಿಟ್ಟುಕೊಡಬೇಕು ಎನ್ನುವುದು ನನ್ನ ಸಲಹೆ. ಮೂವರೂ ಒಂದೇ ಜಾತಿಯವರು, ಒಂದೇ ಊರಿನವರು ಆಗಿದ್ದರೆ ಅದೂ ಸಾಲದು. ಬೇರೆ ತಾಲೂಕಿನ ಸಂಘದಿಂದ ಒಬ್ಬಳನ್ನು ಕೇಳಿಕೊಳ್ಳಬಹುದೇ? ಕಡಬದ ಗುಂಪಿಗೆ ಸುಳ್ಯದವಳು, ಸುಳ್ಯಕ್ಕೆ ಪುತ್ತೂರಿನವಳು? ಇದನ್ನು ಎಲ್ಲಿಯಾದರೂ ಮಾಡಿ ನೋಡಿದ ಸಂಘಗಳಿದ್ದರೆ ಪತ್ರಿಕೆಗೆ ಬರೆಯಿರಿ. ಬರೆಯಲು ಬಾರದಿದ್ದರೆ ಗೊತ್ತಿರುವ ಭಾಷೆಯಲ್ಲಿ ಹೇಳಿ, ಪಕ್ಕದಲ್ಲಿರುವವರಿಂದ ಬರೆಸಿರಿ. ಸದಸ್ಯೆಯರ ಹೆಸರುಗಳು ಮಾತ್ರ ಬೇಡ.